ಷಡ್ಡಕನ ಏಳು ಸ್ಪೀಕರುಗಳು

ಈಗಿನ ತೆಳ್ಳನೆಯ ಟೀವಿಗಳ ಮುಖ ನಮ್ಮ ಕಡೆಗಿದ್ದರೂ ಬಾಯಿ ಗೋಡೆಯ ಕಡೆಗಿರುತ್ತದೆಂಬುದನ್ನು ನೀವೂ ಗಮನಿಸಿರಬಹುದು. ನವಲಗುಂದದ ನಮ್ಮ ಮನೆಯ ಟೀವಿ ಗೋಡೆಗೆ ಪಿಸುಗುಟ್ಟಿದ್ದನ್ನೇ ಆಲಿಸಿಕೊಂಡು ನಾನು ಪರಮಸುಖಿಯಾಗಿದ್ದೆ. ಅಣ್ಣಿಗೇರಿಯಲ್ಲಿ ಕಾಳಿನ ವ್ಯಾಪಾರ ಮಾಡುವ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಈರಣ್ಣ, ಹೋಮ್ ಥಿಯೇಟರ್ ತರುವವರೆಗೆ.

ನೋಡಲು ಹೋದೆವು. ಮುಂದೆ ಮೂರು ಸ್ಪೀಕರು, ಅಕ್ಕಪಕ್ಕ ಎರಡು, ಹಿಂದೆ ಎರಡು. ಗುಡುಗಿಗೆಂದೇ ಮೂಲೆಯಲ್ಲೊಂದು ದಪ್ಪ ಡಬ್ಬಿ. ಪ್ರತಿಧ್ವನಿ ತಡೆಯಲು ಗೋಡೆಗೆ ನಮ್ಮೂರಿನದೇ ಜಮಖಾನೆ. "ಹೆಂಗೈತ್ರಿ ಮಾಸ್ತರ?" ಎಂದ ಈರಣ್ಣ. ಕನ್ನಡ ಮಾಸ್ತರನಾದ ನನಗೆ ವಿಶೇಷಣಗಳಿಗೇನೂ ಬರವಿಲ್ಲ. ಆದರೂ "ಐತಿ" ಎಂಬ ಒಂದೇ ಕ್ರಿಯಾಪದ ಹೊರಬಿತ್ತು.

ಹೊಟ್ಟೆಯುರಿಯ ಶಮನಕ್ಕಾಗಿ ಅಧ್ಯಯನಕ್ಕಿಳಿದೆ. ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಮೊಬೈಲಿನಲ್ಲಿ ಓದಿದ್ದರ ಸಾರ ಇಷ್ಟು: ಸಿನಿಮಾ ಡಿಸ್ಕಿನೊಳಗಿನ ಧ್ವನಿ ಎರಡು ಬಗೆಯದು. ಒಂದು, ಕಡಿಮೆ ಜಾಗದಲ್ಲಿ ಹಿಡಿಸಲೆಂದು ಅಲ್ಲಲ್ಲಿ ಕತ್ತರಿಸಿ ಕುಗ್ಗಿಸಿದ್ದು. ಇನ್ನೊಂದು, ಮಡಚಿಟ್ಟರೂ ಒಂದೆಳೆಯನ್ನೂ ಕಳೆದುಕೊಳ್ಳದೆ ಬಿಚ್ಚಿಕೊಳ್ಳುವ ಹೈ ಡೆಫಿನಿಶನ್ ಧ್ವನಿ. ಈ ಎರಡನೆಯದು ಏಳೂ ಸ್ಪೀಕರುಗಳಿಗೆ ಬೇರೆಬೇರೆಯಾಗಿ ತಲುಪಲು ಎಚ್‌ಡಿಎಂಐ ಕೇಬಲ್ಲೇ ಬೇಕು. ಹಳೆಯ ಆಪ್ಟಿಕಲ್ ತಂತಿಯಲ್ಲಿ ಅದು ಹಿಡಿಸುವುದಿಲ್ಲ. ಕುಗ್ಗಿಸಿದ್ದೇ ಬರುತ್ತದೆ, ಅದೂ ಐದು ಸ್ಪೀಕರಿಗೆ ಮಾತ್ರ.

ಮುಂದಿನ ಸಲ ಹೋದಾಗ ಬಗ್ಗಿ ನೋಡಿದರೆ, ಈರಣ್ಣ ಜೋಡಿಸಿದ್ದು ಆಪ್ಟಿಕಲ್ ತಂತಿ! ಹಿಂದಿನ ಸ್ಪೀಕರಿಗೆ ಕಿವಿಯಿಟ್ಟೆ. ಶುದ್ಧ ಮೌನ. ಆ ದಿನ ನಾನು ಎರಡು ಹೋಳಿಗೆ ಹೆಚ್ಚು ತಿಂದೆ. ಹೇಳಲಿಲ್ಲ. ಮೂರು ತಿಂಗಳು ಹೇಳಲಿಲ್ಲ.

ನಮ್ಮ ಅತ್ತೆಯವರಿದ್ದದ್ದು ಆ ಮನೆಯಲ್ಲೇ. ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಅವರ ಕುರ್ಚಿ ಹಿಂದಿನ ಸ್ಪೀಕರಿನ ಪಕ್ಕದಲ್ಲಿ. ಒಂದು ರವಿವಾರ ಮಧ್ಯಾಹ್ನ ಎಲ್ಲರೂ ಸಿನಿಮಾ ನೋಡುತ್ತಿದ್ದಾಗ ಅವರೆಂದರು: "ಈರಣ್ಣಾ, ನನ್ನ ಬಾಜೂಕಿನ ಪೆಟಿಗಿ ಮಾತಾಡವಲ್ತಲ್ಲಪಾ?"

"ಏಳೂ ಮಾತಾಡತಾವ್ರಿ ಅತ್ತಿ. ನಿಮ್ಮ ಕಿವಿ ಮಂದ ಆಗ್ಯಾವ, ಅಷ್ಟ" ಎಂದು ಈರಣ್ಣ ನಕ್ಕ. ಅತ್ತೆ ನಗಲಿಲ್ಲ. ಚಹಾ ಆದ ಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಮಾಸ್ತರ, ಕಣ್ಣಂತೂ ಹ್ವಾದ್ವು. ಈಗ ಕಿವೀನೂ ಹೊಂಟ್ವು. ಯಾರ ಬಂದ್ರು, ಯಾರ ಹ್ವಾದ್ರು ನನಗ ಹೆಂಗ ತಿಳೀಬೇಕ್ರಿ?"

"ನಿಮ್ಮ ಕಿವಿ ಅಗದಿ ಛಲೋ ಅದಾವ್ರಿ ಅತ್ತಿ. ತಂತಿ ತಪ್ಪೈತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಗೊತ್ತಿತ್ತಂದ್ರ ಮೊದಲ ಯಾಕ ಹೇಳಲಿಲ್ರಿ?" ಎಂದ ಈರಣ್ಣ.

"ಹೊಟ್ಟಿಕಿಚ್ಚಿಗೆ."

ಹಾಸ್ಯವೆಂದುಕೊಂಡು ಅವನು ನಕ್ಕ. ನನ್ನ ಹೆಂಡತಿ ಮಾತ್ರ ನನ್ನನ್ನೇ ನೋಡಿದಳು.

ಸರಿಯಾದ ಕೇಬಲ್ಲು ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಹೋಮ್ ಥಿಯೇಟರ್ ಬಂದ ರಟ್ಟಿನ ಡಬ್ಬಿಯಲ್ಲೇ ಇತ್ತು. ನೆಲದ ಮೇಲೆ ಮಲಗಿ ಟೇಬಲ್ಲಿನ ಹಿಂದೆ ಕೈಹಾಕಿ ನಾನೇ ಜೋಡಿಸಿದೆ. ಸಿನಿಮಾ ಮತ್ತೆ ಶುರುವಾಯಿತು. ತೆರೆಯ ಮೇಲೆ ಯಾರೂ ಇಲ್ಲದ ಓಣಿ. ಹಿಂದಿನಿಂದ ಚಪ್ಪಲಿಯ ಸಪ್ಪಳ ಹತ್ತಿರವಾಗುತ್ತ ಬಂತು. ಅತ್ತೆ ಥಟ್ಟನೆ ಕುರ್ಚಿಯಲ್ಲಿ ಹೊರಳಿದರು.

"ಹಿಂದ ಯಾರೋ ಬಂದಾರ ನೋಡ್ರಿ!"

ಆಮೇಲೆ ಅವರಿಗೇ ತಿಳಿದು ನಗು ಬಂತು. ಕಣ್ಣಿನ ನೀರು ಒರೆಸಿಕೊಳ್ಳುತ್ತ, ತಡವರಿಸಿ ಈರಣ್ಣನ ಕೈ ಹಿಡಿದುಕೊಂಡರು. "ಭಾಳ ಛಲೋ ಪೆಟಿಗಿ ತಂದೀಯಪಾ ಈರಣ್ಣಾ."

ಜೋಡಿಸಿದವನು ನಾನೆಂದು ಹೇಳಲು ಬಾಯಿ ತೆರೆದೆ. ಹೆಂಡತಿಯ ಮುಖ ನೋಡಿ ಮುಚ್ಚಿದೆ. ಅತ್ತೆಯ ಇನ್ನೊಂದು ಕೈ ಖಾಲಿಯಿತ್ತು. ಅಂಗಿಯ ಧೂಳು ಕೊಡವಿಕೊಂಡು ಆ ಮಗ್ಗುಲಿಗೆ ಹೋಗಿ ಕುಳಿತೆ.