ಸಿಸ್ಟರ್ ಲೋಟದ ಎರಡು ಥರ್ಮಾಮೀಟರ್

ಪಾಂಡವಪುರದ ಪಕ್ಕದ ಊರಿನ ಆರೋಗ್ಯ ಕೇಂದ್ರದಲ್ಲಿ, ಬೆಳಿಗ್ಗೆ ಹತ್ತೂವರೆಗೆ, ನಾನು ಗಂಡಸರ ಸಾಲಿನಲ್ಲಿ ನಾಲ್ಕನೆಯವನಾಗಿ ನಿಂತಿದ್ದೆ. ಚೀಟಿ ಬರೆಯುವ ಸಿಸ್ಟರ್ ಮುಂದೆ ಸ್ಟೀಲ್ ಲೋಟದಲ್ಲಿ ಎರಡು ಗಾಜಿನ ಥರ್ಮಾಮೀಟರ್ ಇರುತ್ತಿದ್ದವು. ಸಾಲಿನಲ್ಲಿ ಯಾರದಾದರೂ ಬಾಯಿ ಹೆಚ್ಚಾದರೆ ಸಿಸ್ಟರ್ ಒಂದನ್ನು ಕೊಡವುತ್ತ ಎದ್ದು ಬರುತ್ತಿದ್ದರು: "ಯಾಕೋ ಜ್ವರ ಇದ್ದಂಗದೆ, ಬಾಯ್ ಬುಡಿ."

ಆವತ್ತು ಕಾಲಿನ ಗಾಯ ಕೀವಾಗಿದ್ದ ಮಂಗಳಮುಖಿಯೊಬ್ಬರು ಕುಂಟುತ್ತ ಬಂದು ಗಂಡಸರ, ಹೆಂಗಸರ ಎರಡು ಸಾಲಿನ ನಡುವೆ ನಿಂತರು. ಹಿಂದಿನ ವಾರ ಜನರ ನಗೆಗೆ ಹೆದರಿ ಮದ್ದಿಲ್ಲದೆ ಹೋಗಿದ್ದರು.

ನನ್ನ ಮುಂದಿದ್ದ ಯಜಮಾನರು, "ಯಾವ ಸಾಲ್ಗೆ ನಿಲ್ತೀಯಲಾ?" ಎಂದರು. ನಾನೂ ನಕ್ಕೆ, ಅದನ್ನು ಬಿಟ್ಟು ಬರೆಯಲಾರೆ. ಆಕೆ ಬಾಗಿಲ ಕಡೆ ತಿರುಗಿದರು.

ಸಿಸ್ಟರ್ ಎದ್ದು ಬಂದರು. "ಬಾಯ್ ಬುಡಿ ಯಜಮಾನ್ರೆ. ನಾನ್ ಹೇಳಗಂಟ ತೆಗೀಬ್ಯಾಡಿ." ಆಮೇಲೆ ಆಕೆಯ ಕಡೆ ತಿರುಗಿ, "ಅಕ್ಕಾ, ಬನ್ನಿ ಕುಂತ್ಕಳಿ. ಹೆಸ್ರು ಏನಂತ ಬರೀಲಿ?"

"ಕಾರ್ಡಲ್ಲಿರೋದಾ ಸಿಸ್ಟರ್?"

"ನಿಮ್ಮನ್ನ ಏನಂತ ಕರೀಬೇಕೋ ಅದು."

ಆಕೆ ಹೇಳಿದ ಹೆಸರನ್ನೇ ಬರೆದು, ಒಳಗಿದ್ದ ಡಾಕ್ಟರಿಗೂ ಕೇಳುವಂತೆ ಕೂಗಿದರು. ಗಾಯಕ್ಕೆ ಪಟ್ಟಿ ಕಟ್ಟಿ ಮುಗಿಯುವವರೆಗೂ ಸಾಲು ಸದ್ದಿಲ್ಲದೆ ನಿಂತಿತ್ತು.

ಇದನ್ನು ಕಂಡವರಲ್ಲಿ ಆ ಯಜಮಾನರು ಇನ್ನೂ ಇದ್ದಾರೆ, ಬೇಕಾದರೆ ಕೇಳಬಹುದು. ಎರಡನೆಯ ಥರ್ಮಾಮೀಟರ್ ನನ್ನ ಬಾಯಲ್ಲಿತ್ತು. ಇಬ್ಬರಿಗೂ ಜ್ವರವಿರಲಿಲ್ಲ.