ಒಣಗೋ ತನಕ ತಡೀರಿ, ಸಾಹೇಬ್ರೇ

"ಒದಿಲಿಯಾಕ್ಕಾ, ನಿಮ್ಮ ಗೋಡೆ ಪೂರ್ತಿ ಕೆರೆದು ಹಾಕ್ಬೇಕಂತೆ!"

ಬನ್ನಿನ ಬುಟ್ಟಿ ಹೊತ್ತ ಮಿರ್ತಾಲಾ ರಸ್ತೆಯ ಎದುರು ಬದಿಯಿಂದಲೇ ಕೂಗುತ್ತಾಳೆ. ಜ್ವಾಲಾಮುಖಿಯ ಬುಡದ ಹಳೇ ಪಟ್ಟಣ ಆಂಟಿಗುವಾದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಏಣಿಯ ಮೇಲಿನ ಒದಿಲಿಯಾ ಸಿಕಾನ್ ಕುಂಚ ನಿಲ್ಲಿಸುವುದಿಲ್ಲ.

"ಯಾರಂತೆ ಹೇಳಿದ್ದು?"

"ಹಳೇ ಮನೆಗಳ ಬಣ್ಣ ತಪಾಸಣೆಯ ಹೊಸ ಸಾಹೇಬ್ರು. ನನ್ನ ಬನ್ನು ತಿಂತಾ ನಿಮ್ಮ ಗೋಡೆ ನೋಡಿ ಮುಖ ಹುಳಿ ಮಾಡ್ಕೊಂಡ್ರು."

"ನಿನ್ನ ಬನ್ನೇ ಹುಳಿ ಬಂದಿರ್ಬೇಕು ಕಣೇ!"

ಹಳೆಯ ಮನೆಗಳ ಮುಂಗೋಡೆಗೆ ಸುಣ್ಣ ಬಳಿಯುವುದು ಅರವತ್ತರ ಒದಿಲಿಯಾಳ ಕಸುಬು. ಶುರುವಿನಲ್ಲಿ ಹೆಂಗಸಿಗೆ ಏಣಿ ಹಿಡಿಯಲು ಯಾವ ಗಂಡಸೂ ಒಪ್ಪಲಿಲ್ಲ. "ಕಿಟಕಿ ಸರಳಿಗೇ ಏಣಿ ಕಟ್ಕೊಂಡೆ. ಸರಳು ಕೈಬಿಡಲ್ಲ, ಹರಟೆನೂ ಹೊಡೆಯಲ್ಲ" ಎಂದು ನಗುತ್ತಾಳೆ. ಇದು ನೂರಹನ್ನೆರಡನೇ ಮನೆ. ನಲವತ್ತು ದಿನ ನೆನೆದ ಸುಣ್ಣ, ಪಾಪಾಸುಕಳ್ಳಿಯ ಲೋಳೆ, ಹಿಡಿ ಉಪ್ಪು, ಹಳದಿ ಮಣ್ಣು ಸೇರಿದರೆ ಬಣ್ಣ. ಏಳು ತೆಳು ಪದರ, ಅದೂ ಬಿಸಿಲೇರುವ ಮೊದಲು. ಹೆಂಚಿನ ಸೂರು, ಮುಂದೆ ಚಾಚಿದ ಕಿಟಕಿ, ಕಮಾನಿನ ಸುತ್ತ ಗಾರೆಯ ಹೂಬಳ್ಳಿ ನೋಡಲು ಪ್ರವಾಸಿಗರು ಮುಗಿಬೀಳುತ್ತಾರೆ. "ಅಜ್ಜೀ, ಫೋಟೊಗೆ ಅಡ್ಡ ಬರ್ಬೇಡಿ ಅಂತಾರೆ. ನಾನೇ ಬಳಿದ ಗೋಡೆಗೆ ನಾನೇ ಅಡ್ಡ!"

ಈ ಬಾಗಿಲ ಹೂಬಳ್ಳಿಗೆ ಇನ್ನೂರು ವರ್ಷ. ಕೆರೆದರೆ ಬಣ್ಣದ ಜೊತೆ ಹೂವೂ ಉದುರುತ್ತದೆ. ಅದಕ್ಕೇ, ಸಾಹೇಬರು ಬಣ್ಣದ ಮಾದರಿ ಕಾರ್ಡು ಹಿಡಿದು ರಸ್ತೆ ದಾಟಿದಾಗ ಅವಳು ಸರಸರನೆ ಕೆಳಗಿಳಿಯುತ್ತಾಳೆ.

"ದೋನ್ಯಾ ಒದಿಲಿಯಾ, ಅನುಮತಿ ಕೊಟ್ಟಿದ್ದು ತಿಳಿಹಳದಿಗೆ. ಇದು ಕೊಳೆತ ಕುಂಬಳಕಾಯಿ! ತೆಗೆಸಿಬಿಡಿ."

"ಸಾಹೇಬ್ರೇ, ನಿಮಗೆ ಮದುವೆ ಆಗಿದ್ಯಾ?"

"ಆಗಿದೆ. ಯಾಕೆ?"

"ತಲೆಗೆ ನೀರು ಹಾಕ್ಕೊಂಡು ಬಂದ ಹೆಂಡ್ತಿನ ನೋಡಿ, ಇವಳಿಗೆ ಕೂದಲು ಇಷ್ಟೇನಾ ಅಂತೀರಾ? ಸುಣ್ಣನೂ ಹಾಗೇನೇ. ಒಣಗಿದ ಮೇಲೇ ಅದರ ನಿಜವಾದ ಬಣ್ಣ."

ಮಿರ್ತಾಲಾಳ ಬುಟ್ಟಿ ನಗುವಿಗೆ ಕುಲುಕುತ್ತದೆ. ಸಾಹೇಬರು ಕಿವಿ ಕೆಂಪಗೆ ಮಾಡಿಕೊಂಡು ತಲೆಯೆತ್ತುತ್ತಾರೆ. ಜ್ವಾಲಾಮುಖಿಯ ಹೆಗಲಿಂದ ಇಣುಕಿದ ಬಿಸಿಲು ಸೂರಿನಡಿಯ ಅಂಚನ್ನು ತಾಗಿದೆ. ಮೊದಲು ಬಳಿದ ಆ ಗೇಣಗಲ ಜಾಗ ಆಗಲೇ ತಿಳಿಹಳದಿಗೆ ತಿರುಗುತ್ತಿದೆ. ಸಾಹೇಬರು ಕಾರ್ಡನ್ನೂ ಅಂಚನ್ನೂ ಎರಡೆರಡು ಸಲ ನೋಡುತ್ತಾರೆ.

"ಸರಿ. ನಾಳೆ ಒಂಬತ್ತಕ್ಕೆ ಬಂದು ನೋಡ್ತೀನಿ. ಅಲ್ಲೀತನಕ ಯಾರೂ ಕೆರೆಯೋದು ಬೇಡ."

"ಹತ್ತಕ್ಕೆ ಬನ್ನಿ. ಒಂಬತ್ತಕ್ಕೆ ಬಿಸಿಲು ಬಾಗಿಲ ಹೂವಿನ ತನಕ ಇಳಿದಿರಲ್ಲ." ಒದಿಲಿಯಾ ಸುಣ್ಣ ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾಳೆ. "ಬರೋವಾಗ ಕ್ಯಾಮೆರಾನೂ ತನ್ನಿ. ನನ್ನದೂ ಗೋಡೆದೂ ಸೇರಿಸಿ ಒಂದು ಫೋಟೊ ತೆಗೀರಿ. ನಾಳೆ ಒಂದಿನ ಅಡ್ಡ ಬರ್ತೀನಿ."