ಮೀಸೆಯಿದ್ದ ಆಧಾರ್ ಕಾರ್ಡು

ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನಿಗೆ ಕಲಬುರಗಿ ಬಿಟ್ಟು ಸಂಭಾಜಿನಗರಕ್ಕೆ ಬಂದವಳು ನಾನು. ಇಲ್ಲಿ ಸೂಪಿನ ಪುಡಿ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಮ್ಮ ಪುಡಿ ಪರದೇಶಕ್ಕೆ ಹೋಗುತ್ತದೆ. ಸೂಪಿನೊಳಗಿನ ಈರುಳ್ಳಿಯನ್ನು ಯಾರೂ ಜೀತಕ್ಕಿದ್ದು ಹೆಚ್ಚಿಲ್ಲವೆಂದು ಅಲ್ಲಿನವರಿಗೆ ಮೊದಲೇ ಖಾತ್ರಿಯಾಗಬೇಕು. ಆ ಖಾತ್ರಿ ಕೊಡುವವಳು ನಾನು. ಅಮ್ಮ ಏನು ಮಾಡುತ್ತಾಳೆ ಎಂದು ಶಾಲೆಯಲ್ಲಿ ಕೇಳಿದರೆ ನನ್ನ ಮಗ "ಈರುಳ್ಳಿ ನೋಡುತ್ತಾಳೆ" ಎಂದು ಮರಾಠಿಯಲ್ಲಿ ಅನ್ನುತ್ತಾನೆ. ತಪ್ಪೇನೂ ಇಲ್ಲ.

ಈರುಳ್ಳಿ ಬರುವುದು ನಾಸಿಕದ ಆಚೆಗಿನ ಒಂದು ಶೆಡ್ಡಿನಿಂದ. ಅಲ್ಲಿ ಅದನ್ನು ಹೆಚ್ಚಿ, ಒಣಗಿಸಿ, ಚೀಲ ತುಂಬುತ್ತಾರೆ. ವರ್ಷಕ್ಕೊಮ್ಮೆ ನಾವು ಅನಿರೀಕ್ಷಿತ ಭೇಟಿ ಕೊಡುತ್ತೇವೆ. ಅನಿರೀಕ್ಷಿತ ಭೇಟಿಯ ತಾರೀಖನ್ನು ವಾರ ಮೊದಲೇ ತಿಳಿಸುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಮಾಲೀಕರು ಊರಲ್ಲಿರುವುದಿಲ್ಲ, ಊಟದ ವ್ಯವಸ್ಥೆಯೂ ಆಗುವುದಿಲ್ಲ. ಕೇಳುವ ಪ್ರಶ್ನೆಗಳನ್ನೂ ಜೊತೆಗೇ ಕಳಿಸುತ್ತೇವೆ.

ಮುಖ್ಯ ಪ್ರಶ್ನೆ ಒಂದೇ: ನಿಮ್ಮ ಆಧಾರ್ ಕಾರ್ಡು ಯಾರ ಹತ್ತಿರ ಇರುತ್ತದೆ? ಗುತ್ತಿಗೆದಾರ ಅದನ್ನು ಕಿತ್ತಿಟ್ಟುಕೊಂಡರೆ ಆಳು ಎಲ್ಲಿಗೂ ಹೋಗಲಾರ, ಸರಪಳಿ ಬೇಕಾಗುವುದಿಲ್ಲ.

ಒಂದು ವರ್ಷ ಹೋದಾಗ ಹೆಂಗಸರು ಗಂಡಸರು ಎಲ್ಲ ಹೊಸ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ನಾನು ಹಿಂದಿಯಲ್ಲಿ ಪ್ರಶ್ನೆ ಕೇಳುವ ಮೊದಲೇ ಎಲ್ಲರೂ ಕಾರ್ಡು ಎತ್ತಿ ಹಿಡಿದರು. ಒಂದೊಂದಕ್ಕೂ ಮಿರಮಿರ ಮಿಂಚುವ ಹೊಸ ಪ್ಲಾಸ್ಟಿಕ್ ಕವರು. ಒಬ್ಬಳು ಬಸುರಿ, ಇಪ್ಪತ್ತರ ಆಸುಪಾಸಿನವಳು, ತನ್ನದನ್ನು ಹಿಂಬದಿ ಮುಂದಾಗಿ ಹಿಡಿದಿದ್ದಳು. ವಿಳಾಸ ಕನ್ನಡದಲ್ಲಿತ್ತು, ಬೀದರ್ ಜಿಲ್ಲೆಯದು. ಕೈಗೆ ತೆಗೆದುಕೊಂಡು ತಿರುಗಿಸಿದೆ. ಫೋಟೋದಲ್ಲಿ ದಪ್ಪ ಮೀಸೆಯ ಒಬ್ಬ ಗಂಡಸಿದ್ದ.

"ಇದು ನಿಮ್ದೇನ್ರಿ?" ಎಂದು ಕನ್ನಡದಲ್ಲೇ ಕೇಳಿದೆ.

"ಹೌದ್ರಿ."

"ಮೀಸಿ ಅದಾವಲ್ಲ?"

ಅವಳು ಬಗ್ಗಿ ನೋಡಿದಳು. "ನಮ್ಮೂರ ಅಣ್ಣಂದು ಇರ್ಬೇಕ್ರಿ. ಮುಂಜಾನಿ ಗಡಿಬಿಡ್ಯಾಗ ಹಂಚ್ಯಾರ. ನೀವು ಹೋದ್ಮ್ಯಾಲ ತಿರುಗಿ ಪೆಟಗ್ಯಾಗ ಹಾಕ್ತಾರ."

ಪಕ್ಕದಲ್ಲಿದ್ದ ಸೂಪರ್‌ವೈಸರ್‌ಗೆ ಕನ್ನಡ ಬರುತ್ತಿರಲಿಲ್ಲ. ಅವಳು ಹೊಗಳುತ್ತಿದ್ದಾಳೆ ಎಂದುಕೊಂಡು ನಗುತ್ತ ತಲೆ ಆಡಿಸುತ್ತಿದ್ದ.

"ನಿಮ್ಗ ಎಷ್ಟು ತಿಂಗಳಾತು?"

"ಏಳ್ರಿ. ಚೊಚ್ಚಲ. ತವರಮನಿಗಿ ಹೋಗ್ಬೇಕು, ಅವ್ವ ದಾರಿ ನೋಡ್ಲಕತ್ತಾಳ. ಸೀಜನ್ ಮುಗಿಯೋತನಕ ಕಾರ್ಡೂ ಕೊಡಲ್ಲ, ಫೋನೂ ಕೊಡಲ್ಲ ಅಂತಾರ. ಕಾರ್ಡಿಲ್ದ ಹ್ವಾದ್ರ ದವಾಖಾನ್ಯಾಗ ಹೆಸ್ರು ಹಚ್ಕೊಳ್ಳಲ್ರಿ." ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು, "ಇಲ್ಲೇ ಹಡಿಯಾಕ ನಂಗ ಅಂಜಿಕಿ ಬರ್ತದ್ರಿ."

ಹೊರಗೆ ಬಂದು ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. ಅವರು ಸಮಾಧಾನದ ಮನುಷ್ಯ. ರಿಪೋರ್ಟಿನಲ್ಲಿ ಬರೆಯಿರಿ, ಸರಿಪಡಿಸಿಕೊಳ್ಳಲು ಮೂರು ತಿಂಗಳು ಕೊಡಬೇಕೆಂದು ಪಾಲಿಸಿ ಇದೆ ಅಂದರು. ಹುಟ್ಟುವ ಮಗುವಿಗೂ ಆ ಪಾಲಿಸಿ ತಿಳಿಸಬೇಕಾಗುತ್ತದೆ ಸರ್ ಅಂದೆ. ನೆಟ್‌ವರ್ಕ್ ಸರಿಯಿಲ್ಲವೆಂದು ಅವರು ಫೋನ್ ಇಟ್ಟರು.

ನಮ್ಮ ಫ್ಯಾಕ್ಟರಿಗೆ ಹೊರಡಬೇಕಿದ್ದ ಲಾರಿ ಗೇಟಿನಲ್ಲಿ ನಿಂತಿತ್ತು. ಕುರ್ಚಿಯೊಂದನ್ನು ಎಳೆದುಕೊಂಡು ಹೋಗಿ ಅದರ ಮುಂದೆ ಹಾಕಿ ಕೂತೆ. ಮಾಲೀಕರು ಬಂದರು. ಊಟ ಆರುತ್ತಿದೆ ಮೇಡಂ, ಪೂರಣಪೋಳಿ ಮಾಡಿಸಿದ್ದೇನೆ ಅಂದರು. ಕಾರ್ಡು ಅವರವರ ಹತ್ತಿರವೇ ಇರಲಿ, ಫೋನಿಟ್ಟ ಪೆಟ್ಟಿಗೆಯನ್ನೂ ತೆಗೆಸಿರಿ ಅಂದೆ. ಕಳೆದುಕೊಂಡಾರು ಎಂಬ ಕಾಳಜಿಯಿಂದ ಇಟ್ಟುಕೊಂಡಿದ್ದೇವೆ, ಪಾಪ ಓದು ಬಾರದ ಜನ ಅಂದರು. ನಿಮ್ಮ ಕಾರ್ಡನ್ನೂ ಕೊಡಿ, ಕಾಳಜಿಯಿಂದ ಇಟ್ಟುಕೊಳ್ಳುತ್ತೇನೆ ಅಂದೆ. ಡ್ರೈವರ್ ಕೆಳಗಿಳಿದು ಲಾರಿಯ ನೆರಳಿನಲ್ಲಿ ಬೀಡಿ ಹಚ್ಚಿದ. ಪೂರಣಪೋಳಿ ಆರಿತು.

ಕೊನೆಗೆ ಪೆಟ್ಟಿಗೆ ಬಂತು, ಫೋನುಗಳು ಅವರವರ ಕೈಗೆ ಬಂದವು. ಅಂಗಳದಲ್ಲಿ ಕಾರ್ಡುಗಳ ಅದಲುಬದಲು ನಡೆಯಿತು. ಮೀಸೆಯವನ ಹತ್ತಿರ ಒಬ್ಬ ಅಜ್ಜಿಯ ಕಾರ್ಡಿತ್ತು. ಬಸುರಿ ತನ್ನದನ್ನು ಹುಡುಕಿಕೊಂಡಳು, ಹೊಸ ಕವರು ಕಿತ್ತು ಬಿಸಾಕಿದಳು, ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಅವಳ ಗಂಡ ಅಲ್ಲೇ ಚೀಲ ಹೊರುವವ. ಇಬ್ಬರನ್ನೂ ನಮ್ಮ ಕಾರಿನಲ್ಲಿ ಕೂರಿಸಿಕೊಂಡು ನಾಸಿಕದ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ದಾರಿಯುದ್ದಕ್ಕೂ ಅವಳು ಅವ್ವನ ಜೊತೆ ಫೋನಿನಲ್ಲಿ ಜಗಳವಾಡಿದಳು, ಸೀಮಂತದ ಕುಬಸಕ್ಕೆ ಹಸಿರು ಸೀರೆಯೇ ಬೇಕೆಂದು. ಅಷ್ಟು ಖುಷಿ ಕೊಟ್ಟ ಜಗಳ ನಾನು ಕೇಳಿಲ್ಲ.

ರಿಪೋರ್ಟನ್ನು ಸಾಹೇಬರು ತಿದ್ದಿದರು. ಕಾರ್ಡು ವಿತರಣೆಯಲ್ಲಿ ಸಣ್ಣ ಗೊಂದಲ, ಸ್ಥಳದಲ್ಲೇ ಪರಿಹಾರ ಎಂದಾಯಿತು.

ಮರುವರ್ಷದ ಅನಿರೀಕ್ಷಿತ ಭೇಟಿಗೆ ಮಾಲೀಕರು ಗೇಟಿಗೇ ಬಂದು ಕರೆದುಕೊಂಡು ಹೋದರು. ಈ ಸಲ ಗಡಿಬಿಡಿ ಇಲ್ಲ ಮೇಡಂ, ಕರ್ನಾಟಕದವರನ್ನು ಕೆಲಸಕ್ಕೆ ಕರೆಸುವುದನ್ನೇ ಬಿಟ್ಟುಬಿಟ್ಟೆವು ಅಂದರು. ಸಾಲಿನಲ್ಲಿ ಪೂರಾ ಹೊಸ ಮುಖಗಳು. ಎಲ್ಲರೂ ಕಾರ್ಡು ಎತ್ತಿ ಹಿಡಿದರು. ಒಂದೊಂದನ್ನೂ ಮುಖಕ್ಕೆ ಹೋಲಿಸಿ ನೋಡಿದೆ, ಅವರವರದೇ ಇತ್ತು. ಕವರುಗಳು ಮಾತ್ರ ಹೊಸವು. ಕೊನೆಯಲ್ಲಿ ನಿಂತ ಹುಡುಗಿ, ಅವಳೂ ಬಸುರಿ, ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ ಏನೋ ಹೇಳಿದಳು. ಕಾರ್ಡು ತಿರುಗಿಸಿದೆ. ವಿಳಾಸ ಒಡಿಯಾದಲ್ಲಿತ್ತು.

ನನಗೆ ಒಡಿಯಾ ಬರುವುದಿಲ್ಲ. ಕುರ್ಚಿ ಎಲ್ಲಿದೆ ಎಂದು ಕೇಳಿದೆ.